ತೊಡೆಯ ಮೇಲೆ ಕಲ್ಲಿನಂತೆ ಕೂತ ಗಿನಿ ಪಿಗ್ ಶಾಂತವಾಗಿದೆಯೇ?

ಪ್ರಶ್ನೆ: ನಮ್ಮ ಮನೆಗೆ ಒಂದು ಗಿನಿ ಪಿಗ್ ಬಂದು ಮೂರು ವಾರವಾಯಿತು. ಯಾರಾದರೂ ಗೂಡಿನ ಹತ್ತಿರ ಹೋದರೆ ಸಾಕು, ದಡಬಡ ಓಡಿ ಒಳಗಿನ ಪುಟ್ಟ ಮರದ ಮನೆಗೆ ಸೇರಿಕೊಳ್ಳುತ್ತದೆ. ಒಂಬತ್ತು ವರ್ಷದ ಮಗಳು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡಾಗ ಮಾತ್ರ ಅಲುಗಾಡದೆ ಶಾಂತವಾಗಿರುತ್ತದೆ. ಮೊನ್ನೆ ಪಕ್ಕದಲ್ಲೇ ಮಿಕ್ಸಿ ಹಾಕಿದಾಗ ಕಿರುಚಿಕೊಂಡು ಗೂಡಿನ ಸರಳಿಗೆ ಢಿಕ್ಕಿ ಹೊಡೆಯಿತು. ಆಮೇಲೆ ಸಂಜೆಯವರೆಗೂ ಹೊರಗೆ ಬರಲಿಲ್ಲ. ಅಡಗುವ ಮನೆಯನ್ನೇ ತೆಗೆದುಬಿಟ್ಟರೆ ಜನರಿಗೆ ಬೇಗ ಹೊಂದಿಕೊಳ್ಳುತ್ತದೆ ಎಂದು ಪರಿಚಯದವರೊಬ್ಬರು ಹೇಳುತ್ತಿದ್ದಾರೆ. ತೆಗೆಯಬಹುದೇ? ಹೆದರಿದಾಗ ಅದನ್ನು ಸಮಾಧಾನ ಮಾಡುವುದು ಹೇಗೆ?

ಉತ್ತರ: ತೆಗೆಯಬೇಡಿ. ಸಾಧ್ಯವಾದರೆ ಇಂದೇ ಅಂಥದ್ದು ಇನ್ನೊಂದನ್ನು ಇಡಿ. ಅದು ಓಡಿಹೋಗಿ ಅಡಗುತ್ತದೆ ಎಂಬುದು ನನಗೆ ಅಷ್ಟು ಚಿಂತೆಯ ವಿಷಯವಲ್ಲ. ಹೊಸ ಮನೆಗೆ ಬಂದ ಗಿನಿ ಪಿಗ್ ಮಾಡಬೇಕಾದದ್ದೇ ಅದು. ನಿಮ್ಮ ಪತ್ರದಲ್ಲಿ ನಾನು ನಿಂತು ಮತ್ತೊಮ್ಮೆ ಓದಿದ್ದು, ಮಗಳ ತೊಡೆಯ ಮೇಲೆ ‘ಅಲುಗಾಡದೆ ಶಾಂತವಾಗಿರುತ್ತದೆ’ ಎಂಬ ಸಾಲನ್ನು. ಅಲುಗಾಡದಿರುವುದು ನಿಜವಿರಬಹುದು, ಶಾಂತವಾಗಿರುವುದು ಬಹುಶಃ ನಿಜವಲ್ಲ.

ಗಿನಿ ಪಿಗ್‌ಗಳ ಮೂಲ ದಕ್ಷಿಣ ಅಮೆರಿಕದ ಆಂಡೀಸ್ ಪರ್ವತ ಪ್ರದೇಶ. ಅಲ್ಲಿನ ಜನ ಸಾವಿರಾರು ವರ್ಷಗಳ ಹಿಂದೆಯೇ ಇವನ್ನು ಮಾಂಸಕ್ಕಾಗಿ ಸಾಕತೊಡಗಿದ್ದರು. ಮುದ್ದು ಮಾಡಲೆಂದು ಮನೆಯೊಳಗೆ ಬಂದದ್ದು ಬಹಳ ತಡವಾಗಿ. ಇವುಗಳ ಕಾಡು ಬಂಧುಗಳು ಎತ್ತರದ ಹುಲ್ಲಿನ ಮರೆಯಲ್ಲಿ, ಓಡಾಡಿ ಸವೆಸಿದ ಇಕ್ಕಟ್ಟಿನ ದಾರಿಗಳಲ್ಲಿ ಬದುಕುತ್ತವೆ. ತಿರುಗಿ ಬಿದ್ದು ಹೋರಾಡುವ ತಾಕತ್ತಿಲ್ಲ, ಮರ ಹತ್ತಲು ಬಾರದು. ಇರುವ ಉಪಾಯ ಎರಡೇ. ಮೊದಲನೆಯದು ಮರೆಗೆ ಓಡುವುದು. ಓಡಲು ದಾರಿಯಿಲ್ಲದಿದ್ದರೆ ಮಿಸುಕದೆ ಮರಗಟ್ಟಿ ನಿಲ್ಲುವುದು. ಬೇಟೆಯಾಡುವ ಪ್ರಾಣಿ ಚಲನೆಯನ್ನು ಬಲುಬೇಗ ಗುರುತಿಸುತ್ತದೆ, ಅಲುಗದೆ ಇರುವುದು ಅದರ ಕಣ್ಣು ತಪ್ಪಿಸಿ ಉಳಿಯಬಹುದು. ಮಗಳ ತೊಡೆಯ ಮೇಲೆ ನಡೆಯುತ್ತಿರುವುದು ಈ ಎರಡನೆಯ ಉಪಾಯ ಎಂದು ನನ್ನ ಅನುಮಾನ.

ಅನುಮಾನ ಪರಿಹಾರಕ್ಕೆ ಹತ್ತಿರದಿಂದ ಒಂದು ನಿಮಿಷ ನೋಡಿದರೆ ಸಾಕು. ಹೆದರಿ ಮರಗಟ್ಟಿದ್ದರೆ ಕಣ್ಣು ಉಬ್ಬಿ ಹೊರಬಂದಂತೆ ಅಗಲವಾಗಿರುತ್ತದೆ, ಅಂಚಿನಲ್ಲಿ ಬಿಳಿಯ ಗೆರೆ ಕಾಣಬಹುದು. ಕಾಲು ನಾಲ್ಕೂ ಹೊಟ್ಟೆಯಡಿ ಸೇರಿ ಮೈಯೆಲ್ಲ ಬಿಗಿದಿರುತ್ತದೆ. ಪಕ್ಕೆ ಮಾತ್ರ ಬೇಗ ಬೇಗ ಏರಿಳಿಯುತ್ತಿರುತ್ತದೆ. ಮೂಗಿನ ಮುಂದೆ ಸೌತೆಕಾಯಿ ಹೋಳು ಹಿಡಿದರೂ ಮೂಸುವುದಿಲ್ಲ. ನಿರಾಳವಾಗಿರುವ ಗಿನಿ ಪಿಗ್ ಎಚ್ಚರವಿದ್ದಾಗ ಹೀಗೆ ಬೊಂಬೆಯಾಗುವುದೇ ಇಲ್ಲ. ಅದರ ಮೂಗು ಆಡುತ್ತಿರುತ್ತದೆ, ಅದು ಮುಂಗಾಲಿನಿಂದ ಮುಖ ಉಜ್ಜಿಕೊಳ್ಳುತ್ತದೆ, ಹಿಂಗಾಲನ್ನು ಪಕ್ಕಕ್ಕೆ ಚಾಚಿ ಒರಗುತ್ತದೆ, ಕೊಟ್ಟದ್ದನ್ನು ಕರುಮುರು ತಿನ್ನುತ್ತದೆ. ಎಲ್ಲ ಗುರುತುಗಳಿಗಿಂತ ಹೆಚ್ಚಾಗಿ ನಾನು ನಂಬುವುದು ಈ ಕೊನೆಯದನ್ನು. ಪ್ರಾಣಭಯದಲ್ಲಿರುವ ಗಿನಿ ಪಿಗ್ ತಿನ್ನುವುದಿಲ್ಲ.

ಇದೇ ಮಾತು ಅಂಗಾತ ಮಲಗಿಸುವ ಚಾಳಿಗೂ ಅನ್ವಯ. ಬೆನ್ನ ಮೇಲೆ ಮಲಗಿಸಿ ಹೊಟ್ಟೆ ಸವರಿದರೆ ‘ನಿದ್ದೆ ಹೋಗುತ್ತದೆ’ ಎಂದು ತೋರಿಸುವ ವಿಡಿಯೊಗಳು ಸಾಕಷ್ಟಿವೆ. ಅದು ನಿದ್ದೆಯಲ್ಲ, ಅದೇ ಮರಗಟ್ಟುವಿಕೆಯ ಇನ್ನೂ ಗಾಢವಾದ ರೂಪ. ದಯವಿಟ್ಟು ಮಾಡಬೇಡಿ.

ಈಗ ಮಿಕ್ಸಿಯ ಪ್ರಸಂಗಕ್ಕೆ ಬರೋಣ. ಗಿನಿ ಪಿಗ್ ಗಾಬರಿಬಿದ್ದ ಕ್ಷಣದಲ್ಲಿ ನಮ್ಮ ಕೈ ತಾನಾಗಿಯೇ ಅದನ್ನು ಎತ್ತಿ ಎದೆಗವಚಿಕೊಳ್ಳಲು ಹೋಗುತ್ತದೆ. ಮಗುವಿಗೆ ಅದು ಸರಿ, ಇದಕ್ಕೆ ಅಲ್ಲ. ಮೇಲಿನಿಂದ ಇಳಿದು ಬರುವ ಕೈ ಅದರ ಪಾಲಿಗೆ ಹದ್ದಿನ ಹಾಗೆ. ಒಂದು ಭಯದ ಮೇಲೆ ಇನ್ನೊಂದು ಭಯ ಹೇರಿದಂತಾಗುತ್ತದೆ. ಮೊದಲು ಸದ್ದನ್ನು ನಿಲ್ಲಿಸಿ. ಗದ್ದಲ ಮಾಡುವ ಮಕ್ಕಳನ್ನೂ ನಾಯಿ-ಬೆಕ್ಕನ್ನೂ ಆ ಕೋಣೆಯಿಂದ ಹೊರಗೆ ಕಳಿಸಿ, ದೀಪ ಮಂದ ಮಾಡಿ. ಗೂಡಿನ ಒಂದು ಭಾಗದ ಮೇಲೆ ತೆಳ್ಳಗಿನ ಬಟ್ಟೆ ಹೊದಿಸಿ. ಪೂರ್ತಿ ಮುಚ್ಚಬೇಡಿ, ಗಾಳಿ ಆಡಬೇಕು. ಗಿನಿ ಪಿಗ್‌ಗೆ ಸೆಕೆ ತಡೆಯುವುದಿಲ್ಲ, 26-27 ಡಿಗ್ರಿ ಸೆಲ್ಸಿಯಸ್ ದಾಟಿದರೆ ಒದ್ದಾಟ ಶುರುವಾಗುತ್ತದೆ. ಅಡಗಿರುವ ಜಾಗದ ಬಾಗಿಲಲ್ಲೇ ಒಂದು ಹಿಡಿ ಒಣಹುಲ್ಲು ಇಟ್ಟು ದೂರ ಸರಿಯಿರಿ. ಆಮೇಲೆ ಇಣುಕಬೇಡಿ, ಕರೆಯಬೇಡಿ. ನೀವು ಅದೇ ಕೋಣೆಯಲ್ಲಿ ಕೂತು ನಿಮ್ಮ ಪಾಡಿಗೆ ಓದಿಕೊಂಡಿದ್ದರೆ ಒಳ್ಳೆಯದೇ; ಎವೆಯಿಕ್ಕದೆ ಅದನ್ನೇ ದಿಟ್ಟಿಸುವ ಕಣ್ಣು ಮಾತ್ರ ಬೇಡ, ಅದು ಹೊಂಚುಹಾಕುವ ಪ್ರಾಣಿಯ ನೋಟ.

ಕೆಲವು ಗಿನಿ ಪಿಗ್‌ಗಳು ಹತ್ತಿಪ್ಪತ್ತು ನಿಮಿಷದಲ್ಲಿ ಹೊರಗೆ ಬರುತ್ತವೆ, ಕೆಲವಕ್ಕೆ ಗಂಟೆಗಳು ಬೇಕು. ಹುಲ್ಲು ಅಗಿಯುವ ಸದ್ದು ಕೇಳಿಸಿತೆಂದರೆ ದೊಡ್ಡ ಗಂಡಾಂತರ ಕಳೆಯಿತೆಂದು ತಿಳಿಯಿರಿ. ಗಾಬರಿಯಲ್ಲಿ ಗೂಡಿನಿಂದ ತಪ್ಪಿಸಿಕೊಂಡು ಸೋಫಾದ ಅಡಿಗೆ ಹೊಕ್ಕಿದ್ದರೆ ಕೋಲು ಹಾಕಿ ಓಡಿಸುವುದು, ಕಾಲು ಹಿಡಿದೆಳೆಯುವುದು ಬೇಡ. ಒಂದು ರಟ್ಟಿನ ಪೆಟ್ಟಿಗೆಯನ್ನು ಅಡ್ಡಲಾಗಿ ಮಲಗಿಸಿ, ಒಳಗೆ ಹುಲ್ಲು ಹಾಕಿ, ಬಾಯಿ ಅದರ ಕಡೆ ಮಾಡಿ ಇಡಿ. ಬಯಲಿನಿಂದ ಕತ್ತಲ ಮರೆಗೆ ನುಗ್ಗುವುದು ಅದರ ಸ್ವಭಾವ, ತಾನಾಗಿಯೇ ಹೋಗುತ್ತದೆ. ಸರಳಿಗೆ ಢಿಕ್ಕಿ ಹೊಡೆದದ್ದರಿಂದ, ಅದು ಸಮಾಧಾನಗೊಂಡ ಮೇಲೆ ಮೂಗು, ಹಲ್ಲು, ಕಣ್ಣು ನೋಡಿ, ಕುಂಟುತ್ತಿದೆಯೇ ಗಮನಿಸಿ.

ಒಮ್ಮೆಯ ಗಾಬರಿ ಹೀಗೆ ಇಳಿಯುತ್ತದೆ. ದಿನವಿಡೀ ಇರುವ ಅಂಜಿಕೆ ಹೋಗಬೇಕಾದರೆ ಗೂಡೇ ಬದಲಾಗಬೇಕು, ಅಥವಾ ಗೂಡು ಇರುವ ಜಾಗ. ಅಡುಗೆಮನೆ, ಬಾಗಿಲ ಪಕ್ಕ, ಟಿವಿಯ ಮುಂದೆ, ಜನ ಹಾದುಹೋಗುವ ಓಣಿ ಇವ್ಯಾವುವೂ ಸರಿಯಲ್ಲ. ಕೋಣೆಯ ಮೂಲೆ ಒಳ್ಳೆಯದು, ಏಕೆಂದರೆ ಎರಡು ಬದಿಗೆ ಗೋಡೆಯ ಆಸರೆ ಇದ್ದು ಶತ್ರು ಬರಬಹುದಾದ ದಿಕ್ಕು ಕಡಿಮೆಯಾಗುತ್ತದೆ. ಹಾಗೆಂದು ಯಾರೂ ಕಾಲಿಡದ ಹಿಂದಿನ ಕೋಣೆಗೆ ಅಟ್ಟಿದರೆ ಮನುಷ್ಯರ ಸದ್ದು ರೂಢಿಯಾಗುವುದೇ ಇಲ್ಲ. ಮನೆಯವರು ಸುಮ್ಮನೆ ಕೂತು ಮಾತಾಡುವ ಕೋಣೆಯ ಒಂದು ಬದಿ ಸೂಕ್ತ.

ಮಿಕ್ಸಿ, ವ್ಯಾಕ್ಯೂಮ್ ಕ್ಲೀನರ್ ನಮಗೆ ಗೊತ್ತಿರುವ ಸದ್ದುಗಳು. ನಮಗೆ ಕೇಳಿಸದ ಸದ್ದೂ ಉಂಟು. ಮನುಷ್ಯರ ಕಿವಿ ಸುಮಾರು 20 ಕಿಲೋಹರ್ಟ್ಸ್‌ವರೆಗೆ ಕೇಳಿದರೆ ಗಿನಿ ಪಿಗ್ ಕಿವಿ ಸುಮಾರು 50ರವರೆಗೆ ಕೇಳುತ್ತದೆ. ಇಲಿ ಓಡಿಸಲೆಂದು ಪ್ಲಗ್‌ಗೆ ಸಿಕ್ಕಿಸುವ ಅಲ್ಟ್ರಾಸಾನಿಕ್ ಯಂತ್ರ ನಿಮ್ಮ ಮನೆಯಲ್ಲಿದ್ದರೆ ಇಂದೇ ಕಿತ್ತಿಡಿ. ನಮಗೆ ನಿಶ್ಶಬ್ದವೆನಿಸುವ ಆ ಡಬ್ಬಿ ಅದಕ್ಕೆ ಹಗಲೂ ರಾತ್ರಿ ಕಿರುಚುತ್ತಿರಬಹುದು. ಕಾರಣವೇ ಕಾಣದೆ ಸದಾ ಬೆದರಿರುವ ಗಿನಿ ಪಿಗ್ ಇರುವ ಮನೆಯವರಿಗೆ ನಾನು ಕೇಳುವ ಮೊದಲ ಪ್ರಶ್ನೆಗಳಲ್ಲಿ ಇದೂ ಒಂದು.

ಅಡಗುವ ಮನೆಗೆ ಒಂದೇ ಬಾಗಿಲಿದ್ದರೆ ಇನ್ನೊಂದು ಕೊರೆಯಿರಿ. ಹೊಕ್ಕ ಬಾಗಿಲಲ್ಲೇ ಅಪಾಯ ನಿಂತರೆ ಹಿಂದಿನಿಂದ ಹೊರಟುಹೋಗಲು ದಾರಿ ಇರಬೇಕು, ಇಲ್ಲದಿದ್ದರೆ ಅದು ಬಲೆಯಾಗುತ್ತದೆ. ಹಾಗೆಯೇ ಹುಲ್ಲಿನ ತೊಟ್ಟಿಗೂ ನೀರಿನ ಬಾಟಲಿಗೂ ನಡುವೆ ಒಂದು ಸುರಂಗ ಇಡಿ, ಅಥವಾ ಮೂಲೆಯಿಂದ ಮೂಲೆಗೆ ಅಗಲ ಬಟ್ಟೆಯ ಪರದೆ ಇಳಿಬಿಡಿ. ಊಟಕ್ಕೂ ನೀರಿಗೂ ಬಯಲು ದಾಟಬೇಕಿಲ್ಲ ಎಂದಾದಾಗ ಅದು ಹೆಚ್ಚು ಓಡಾಡುತ್ತದೆ. ನಿಮ್ಮ ಪರಿಚಯದವರ ಸಲಹೆ ತಪ್ಪುವುದು ಇಲ್ಲೇ. ಮರೆ ಹತ್ತಿರವಿದೆ ಎಂಬ ಭರವಸೆ ಇರುವ ಗಿನಿ ಪಿಗ್ ಹೊರಗೆ ಬರುವ ಧೈರ್ಯ ಮಾಡುತ್ತದೆ. ಮರೆ ಕಿತ್ತುಕೊಂಡರೆ ನಿಮ್ಮ ಕಣ್ಣೆದುರಿಗೇನೋ ಇರುತ್ತದೆ, ಆದರೆ ಮೂಲೆಯಲ್ಲಿ ಮರಗಟ್ಟಿ. ಅದನ್ನು ನೋಡಿ ‘ಹೊಂದಿಕೊಂಡಿತು’ ಎನ್ನುವವರಿದ್ದಾರೆ.

ಇನ್ನೊಂದು ಮಾತು ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ‘ಒಂದು ಗಿನಿ ಪಿಗ್’ ಎಂದು ಬರೆದಿದ್ದೀರಿ. ಇವು ಗುಂಪಿನ ಪ್ರಾಣಿಗಳು. ಕಾವಲು ಹಂಚಿಕೊಂಡು, ಒಂದು ಬೆದರಿದರೆ ಎಲ್ಲವೂ ಓಡಿ, ಒಂದು ತಿನ್ನಲು ಶುರುಮಾಡಿದರೆ ಉಳಿದವೂ ನೆಮ್ಮದಿಯಾಗುವ ಜಾತಿ. ಜರ್ಮನಿಯ ಪ್ರಾಣಿವರ್ತನೆ ವಿಜ್ಞಾನಿ ನಾರ್ಬರ್ಟ್ ಸಾಕ್ಸರ್ ಮತ್ತು ಅವರ ಸಂಗಡಿಗರು ಗಂಡು ಗಿನಿ ಪಿಗ್‌ಗಳನ್ನು ಅಪರಿಚಿತ ಜಾಗದಲ್ಲಿ ಬಿಟ್ಟು, ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಎಷ್ಟು ಏರುತ್ತದೆಂದು ಅಳೆದರು. ಒಂಟಿಯಾಗಿದ್ದಾಗ ಬಹಳ ಏರಿತು. ಗುರುತಿಲ್ಲದ ಹೆಣ್ಣು ಜೊತೆಗಿದ್ದರೂ ಹೆಚ್ಚುಕಡಿಮೆ ಅಷ್ಟೇ. ಗಟ್ಟಿ ಒಡನಾಟ ಬೆಳೆದಿದ್ದ ಸಂಗಾತಿ ಪಕ್ಕದಲ್ಲಿದ್ದಾಗ ಮಾತ್ರ ಆ ಏರಿಕೆ ಎದ್ದುಕಾಣುವಷ್ಟು ಕಡಿಮೆಯಾಯಿತು. ಸ್ವಿಟ್ಜರ್ಲೆಂಡ್‌ನಲ್ಲಂತೂ 2008ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ ಗಿನಿ ಪಿಗ್ ಅನ್ನು ಒಂಟಿಯಾಗಿ ಸಾಕುವಂತಿಲ್ಲ.

ನಾಳೆಯೇ ಇನ್ನೊಂದನ್ನು ತಂದು ಗೂಡಿಗೆ ಹಾಕಿ ಎಂದಲ್ಲ. ಹೊಸದನ್ನು ಎರಡು ಮೂರು ವಾರ ಬೇರೆ ಇಟ್ಟು ಕಾಯಿಲೆಯಿಲ್ಲವೆಂದು ಖಚಿತಪಡಿಸಿಕೊಂಡು, ಆಮೇಲೆ ಎರಡಕ್ಕೂ ಹೊಸದಾದ ವಿಶಾಲ ಜಾಗದಲ್ಲಿ, ಹುಲ್ಲಿನ ರಾಶಿಯ ಸುತ್ತ ಭೇಟಿ ಮಾಡಿಸಿ. ಎರಡು ಹೆಣ್ಣು, ಅಥವಾ ಸಂತಾನಹರಣ ಮಾಡಿಸಿದ ಗಂಡು ಮತ್ತು ಒಂದು ಹೆಣ್ಣು ಸಾಮಾನ್ಯವಾಗಿ ಸುಲಭವಾಗಿ ಹೊಂದುತ್ತವೆ. ಶಸ್ತ್ರಚಿಕಿತ್ಸೆಯಾದ ಗಂಡು ಮುಂದಿನ ಕೆಲವು ವಾರಗಳವರೆಗೂ ಗರ್ಭ ಕಟ್ಟಿಸಬಲ್ಲದು, ಅವಸರ ಬೇಡ. ಎರಡಕ್ಕೆ ಕನಿಷ್ಠ 7.5 ಚದರ ಅಡಿ ನೆಲ ಬೇಕು, ಹೆಚ್ಚಿದ್ದರೆ ಇನ್ನೂ ಒಳ್ಳೆಯದು. ಜೊತೆಗೆ ಮೊಲ ತರಬೇಡಿ. ಅದರ ಒದೆತಕ್ಕೆ ಇದರ ಮೂಳೆ ಮುರಿಯಬಹುದು. ಅದಲ್ಲದೆ, ಮೊಲಗಳು ತಾವು ಆರೋಗ್ಯವಾಗಿದ್ದೇ ಬೋರ್ಡೆಟೆಲ್ಲ ಎಂಬ ಬ್ಯಾಕ್ಟೀರಿಯಾ ಹೊತ್ತಿರುತ್ತವೆ, ಅದು ಗಿನಿ ಪಿಗ್‌ಗೆ ನ್ಯುಮೋನಿಯಾ ತರುತ್ತದೆ.

ಇನ್ನು ನಿಮ್ಮ ಮನೆಯವರೊಂದಿಗೆ ಸ್ನೇಹ ಬೆಳೆಸುವುದು. ಇದಕ್ಕೆ ಒಂದೇ ಸೂತ್ರ: ಹತ್ತಿರ ಬರುವ ಕೆಲಸ ಅದರದು, ಕಾಯುವ ಕೆಲಸ ನಿಮ್ಮದು. ದಿನವೂ ಒಂದೇ ಹೊತ್ತಿಗೆ ಹೋಗಿ. ನಿಂತಲ್ಲಿಂದ ಬಗ್ಗಬೇಡಿ, ನೆಲದ ಮೇಲೆ ಕುಳಿತು ನಿಮ್ಮ ಮುಖ ಅದರ ಎತ್ತರಕ್ಕೆ ಬರುವಂತೆ ನೋಡಿಕೊಳ್ಳಿ. ಹೋಗುವ ಮೊದಲೇ ಮೆಲ್ಲಗೆ ಏನಾದರೂ ಮಾತಾಡಿ, ನೀವು ಬರುತ್ತಿರುವುದು ಅದಕ್ಕೆ ಗೊತ್ತಾಗಲಿ. ಗಿನಿ ಪಿಗ್ ಕಣ್ಣು ತಲೆಯ ಎರಡು ಬದಿಗಿರುವುದರಿಂದ ಹಿಂದೆ-ಮೇಲೆ ಚೆನ್ನಾಗಿ ಕಾಣುತ್ತದೆ, ಮೂಗಿನ ತುದಿಯ ಮುಂದಿನದು ಕಾಣುವುದಿಲ್ಲ. ಆದ್ದರಿಂದ ಕೈಯನ್ನು ನೇರ ಮೂಗಿಗೆ ಚಾಚದೆ, ಸ್ವಲ್ಪ ಪಕ್ಕದಿಂದ, ನೆಲಕ್ಕೆ ತಾಗಿಸಿ ಇಡಬೇಕು. ಉದ್ದನೆಯ ಕೊತ್ತಂಬರಿ ಕಡ್ಡಿ ಅಥವಾ ಕ್ಯಾಪ್ಸಿಕಂ ಸೀಳು ಕೊಟ್ಟರೆ ನಿಮ್ಮ ಬೆರಳಿಗೂ ಅದರ ಬಾಯಿಗೂ ನಡುವೆ ಅಂತರ ಉಳಿಯುತ್ತದೆ.

ಮೊದಲ ಸಲ ಅದು ಬರುವ ರೀತಿ ನೋಡಲು ಚೆಂದ. ಹಿಂಗಾಲೆರಡೂ ಮರದ ಮನೆಯ ಹೊಸ್ತಿಲು ಬಿಡುವುದಿಲ್ಲ. ಮೈ ಮಾತ್ರ ರಬ್ಬರಿನಂತೆ ಉದ್ದವಾಗುತ್ತಾ ಹೋಗುತ್ತದೆ, ಕತ್ತು ಚಾಚುತ್ತದೆ, ತುಟಿ ಕಡ್ಡಿಯ ತುದಿಯನ್ನು ಹಿಡಿದದ್ದೇ ತಡ, ಇಡೀ ಪ್ರಾಣಿ ಹಿಂದಕ್ಕೆ ಸೆಳೆದುಕೊಂಡು ಒಳಗೆ ಮಾಯ. ಅಂದು ಅಷ್ಟೇ ಸಾಕು. ಹಿಂಬಾಲಿಸಿ ಸವರಲು ಹೋದರೆ ಗಳಿಸಿದ್ದು ಹೋಗುತ್ತದೆ. ಆಮೇಲಿನ ದಿನಗಳಲ್ಲಿ ಹಿಂಗಾಲು ಹೊಸ್ತಿಲು ದಾಟುತ್ತದೆ, ನಂತರ ಕಸಿದು ಓಡುವ ಬದಲು ಅಲ್ಲೇ ನಿಂತು ಅಗಿಯುತ್ತದೆ. ಅಲ್ಲೇ ನಿಂತು ತಿಂದ ದಿನದಿಂದ ಬೆರಳಿನಲ್ಲಿ ಕೆನ್ನೆಯ ಪಕ್ಕ, ಕಿವಿಯ ಹಿಂದೆ ಹಗುರವಾಗಿ ಮುಟ್ಟಬಹುದು. ಮುಟ್ಟಿದಾಗ ತಲೆಯನ್ನು ಮೇಲಕ್ಕೆ ಎಗರಿಸಿದರೆ ‘ಇನ್ನಷ್ಟು ಸವರು’ ಎಂದು ಬಹಳ ಮಂದಿ ತಿಳಿಯುತ್ತಾರೆ. ಸಾಮಾನ್ಯವಾಗಿ ಅದು ‘ಕೈ ತೆಗೆ’ ಎನ್ನುತ್ತಿರುತ್ತದೆ.

ಸದ್ದುಗಳಲ್ಲೂ ಹೀಗೆ ಮೋಸಹೋಗುವುದುಂಟು. ತಗ್ಗಿದ ದನಿಯಲ್ಲಿ ಎಳೆದು ಗುರುಗುಟ್ಟುತ್ತಾ ಮೈ ಸಡಿಲ ಬಿಟ್ಟಿದ್ದರೆ ಹಾಯಾಗಿದೆ. ಸ್ವಲ್ಪ ಏರುದನಿಯಲ್ಲಿ ‘ಡ್ರ್ರ್’ ಎಂದು ಗಕ್ಕನೆ ನಿಲ್ಲಿಸಿ ಮೈ ಬಿಗಿದುಕೊಂಡರೆ ಏನೋ ಬೆಚ್ಚಿಸಿದೆ. ಹಲ್ಲು ಕಟಕಟ ಎನಿಸಿದರೆ ಸಿಟ್ಟು, ಹಿಂದೆ ಸರಿಯಿರಿ. ಫ್ರಿಜ್ ಬಾಗಿಲು ತೆಗೆದ ಸದ್ದಿಗೆ ‘ವೀಕ್ ವೀಕ್’ ಎಂದು ಮನೆಯೇ ಎದ್ದುಹೋಗುವಂತೆ ಕೂಗತೊಡಗಿದರೆ ನಿಮ್ಮನ್ನು ಊಟಕ್ಕೆ ಜೋಡಿಸಿಕೊಂಡಿದೆ ಎಂದರ್ಥ, ಖುಷಿಪಡಿ. ಇದ್ದಕ್ಕಿದ್ದಂತೆ ನಾಲ್ಕು ಕಾಲೂ ಎತ್ತಿ ಗಾಳಿಯಲ್ಲಿ ಎಗರಿ ತಿರುಗುವುದನ್ನು ಕಂಡು ಫಿಟ್ಸ್ ಎಂದು ಗಾಬರಿಯಾಗಿ ಬರುವವರಿದ್ದಾರೆ. ಅದು ಸಂತೋಷದ ಕುಣಿತ, ಮರಿಗಳಲ್ಲಿ ಹೆಚ್ಚು.

ಎತ್ತುವುದನ್ನು ಪೂರ್ತಿ ಬಿಟ್ಟುಬಿಡಲಾಗದು, ತೂಕ ನೋಡಬೇಕು, ಉಗುರು ಕತ್ತರಿಸಬೇಕು. ಗೂಡಿನ ತುಂಬ ಅಟ್ಟಾಡಿಸಿ ಹಿಡಿಯುವ ಬದಲು ಸುರಂಗಕ್ಕೋ ಸಣ್ಣ ಪೆಟ್ಟಿಗೆಗೋ ಹೋಗಲು ಬಿಟ್ಟು, ಎರಡೂ ಬಾಯಿಗೆ ಕೈ ಅಡ್ಡ ಹಿಡಿದು ಅದರ ಸಮೇತ ಎತ್ತಿ. ಬರಿಗೈಯಲ್ಲಿ ಎತ್ತುವಾಗ ಒಂದು ಕೈ ಮುಂಗಾಲ ಹಿಂದೆ ಎದೆಯಡಿಗೆ, ಇನ್ನೊಂದು ಹಿಂಭಾಗದ ಅಡಿಗೆ. ಹಿಂಗಾಲು ಜೋತಾಡಬಾರದು. ತಕ್ಷಣ ನಿಮ್ಮ ಎದೆಗೆ ಒರಗಿಸಿಕೊಂಡರೆ ಒದ್ದಾಟ ಕಡಿಮೆ. ಕತ್ತಿನ ಚರ್ಮ ಹಿಡಿದು ಎತ್ತಲೇಬಾರದು. ಮಗಳು ಯಾವಾಗಲೂ ನೆಲದ ಮೇಲೆ ಕುಳಿತೇ ಹಿಡಿದುಕೊಳ್ಳಲಿ. ನಿಂತ ಮಗುವಿನ ಕೈಯಿಂದ ಜಾರಿದರೆ ಕಾಲು, ಹಲ್ಲು, ಬೆನ್ನುಮೂಳೆಗೆ ಪೆಟ್ಟಾಗುತ್ತದೆ. ತೊಡೆಯ ಮೇಲೆ ಟವೆಲ್ ಹಾಸಿ, ಅದರ ಒಂದು ಮಡಿಕೆಯಲ್ಲಿ ತಲೆ ಹುದುಗಿಸಲು ಬಿಟ್ಟು, ತಿನ್ನಲು ಸೊಪ್ಪು ಕೊಡಿ. ಐದು ನಿಮಿಷ ಸಾಕು. ತಿನ್ನದಿದ್ದರೆ ಅಥವಾ ಚಡಪಡಿಸಿ ಬಟ್ಟೆ ಕಚ್ಚತೊಡಗಿದರೆ ವಾಪಸ್ ಬಿಡಿ, ಉಚ್ಚೆ ಬಂದಿರುವ ಸಾಧ್ಯತೆಯೂ ಇದೆ! ಮುಂದಿನ ಕೆಲವು ವಾರ ಮಾತ್ರ, ಅಗತ್ಯ ಬಿದ್ದಾಗಲಷ್ಟೇ ಎತ್ತಬೇಕೆಂದು ಮಗಳಿಗೆ ತಿಳಿಸಿ ಹೇಳಿ. ಬದಲಿಗೆ ಸೊಪ್ಪು ಕೊಡುವ ಕೆಲಸ ಪೂರ್ತಿ ಅವಳಿಗೇ ಬಿಡಿ. ಎಷ್ಟೇ ಪಳಗಿದರೂ ಎತ್ತಿಸಿಕೊಳ್ಳಲು ಒಪ್ಪದ ಗಿನಿ ಪಿಗ್‌ಗಳಿವೆ. ಕೈಯಿಂದ ತಿಂದು, ಕಾಲಬಳಿ ಸುಳಿದಾಡಿ, ನೆಲದ ಮೇಲಷ್ಟೇ ಸ್ನೇಹ ಇಟ್ಟುಕೊಳ್ಳುತ್ತವೆ.

ಸಮಾಧಾನವಾಗಲಿ ಎಂದು ಸ್ನಾನ ಮಾಡಿಸುವುದು, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತುವುದು, ನಮ್ಮ ಔಷಧಿ ಪೆಟ್ಟಿಗೆಯಿಂದ ಏನನ್ನಾದರೂ ಕೊಡುವುದು ಯಾವುದೂ ಬೇಡ. ಅಮಾಕ್ಸಿಸಿಲಿನ್‌ನಂಥ, ನಮಗೆ ಸಾಮಾನ್ಯವಾದ ಆ್ಯಂಟಿಬಯೋಟಿಕ್ ಕೂಡ ಬಾಯಿಯ ಮೂಲಕ ಕೊಟ್ಟರೆ ಕರುಳಿನ ಬ್ಯಾಕ್ಟೀರಿಯಾ ಕೆಡಿಸಿ ಗಿನಿ ಪಿಗ್ ಜೀವ ತೆಗೆಯಬಲ್ಲದು. ಪಟಾಕಿ, ಗುಡುಗಿನ ರಾತ್ರಿಗಳಲ್ಲಿ ಕಿಟಕಿ ಮುಚ್ಚಿ, ಹುಲ್ಲನ್ನು ಎಂದಿಗಿಂತ ದಪ್ಪಗೆ ಹಾಸಿ, ಮೊದಲೇ ಪರಿಚಯವಿರುವ ಮೆಲುದನಿಯ ರೇಡಿಯೊ ಹಾಕಿಟ್ಟರೆ ಸಾಕು. ಪ್ರಯಾಣವಿದ್ದರೆ ಸಂಗಾತಿಯನ್ನೂ ಒಂದೇ ಪೆಟ್ಟಿಗೆಯಲ್ಲಿ ಒಯ್ಯಿರಿ.

ಕೊನೆಗೆ, ಯಾವ ಭಯ ಭಯವಲ್ಲ ಎಂಬುದು. ಚೆನ್ನಾಗಿ ಪಳಗಿದ್ದ ಗಿನಿ ಪಿಗ್ ಇದ್ದಕ್ಕಿದ್ದಂತೆ ಅಡಗತೊಡಗಿದರೆ, ಮುಟ್ಟಿದರೆ ಕಿರುಚಿದರೆ ನಾನು ಮೊದಲು ನೋವನ್ನು ಹುಡುಕುತ್ತೇನೆ. ಮೂತ್ರಕೋಶದಲ್ಲಿ ಕಲ್ಲು, ಹಿಂದಿನ ದವಡೆ ಹಲ್ಲು ಬೆಳೆದು ನಾಲಿಗೆಗೆ ಒತ್ತುವುದು, ಪಾದದ ಹುಣ್ಣು, ವಯಸ್ಸಾದ ಹೆಣ್ಣುಗಳಲ್ಲಿ ಅಂಡಾಶಯದ ಗಂಟು, ಇವೆಲ್ಲ ಹೊರಗೆ ಭಯದಂತೆಯೇ ಕಾಣುತ್ತವೆ. ಚರ್ಮದೊಳಗೆ ಕೊರೆಯುವ ಕಜ್ಜಿ ಹುಳು ಹತ್ತಿದರೆ ತುರಿಕೆ ಎಷ್ಟು ಭೀಕರವೆಂದರೆ ಮುಟ್ಟಿದೊಡನೆ ಫಿಟ್ಸ್ ಬಂದಂತೆ ಒದ್ದಾಡಬಹುದು. ಗಿನಿ ಪಿಗ್ ದೇಹ ನಮ್ಮ ದೇಹದಂತೆಯೇ ವಿಟಮಿನ್ ಸಿ ತಯಾರಿಸಿಕೊಳ್ಳಲಾರದು. ತೂಕದ ಪ್ರತಿ ಕಿಲೋಗೆ ದಿನಕ್ಕೆ 10ರಿಂದ 30 ಮಿಲಿಗ್ರಾಂ ಆಹಾರದಲ್ಲಿ ಸಿಗದಿದ್ದರೆ ಕೀಲು ಊದಿ, ಎತ್ತಿದಾಗಲೆಲ್ಲ ನೋಯುತ್ತದೆ. ಕ್ಯಾಪ್ಸಿಕಂ ಇದಕ್ಕೆ ಒಳ್ಳೆಯದು. ನೀರಿನ ಬಾಟಲಿಗೆ ಹನಿ ಹಾಕುವುದನ್ನು ನಂಬಬೇಡಿ, ವಿಟಮಿನ್ ನೀರಿನಲ್ಲಿ ಬೇಗ ಹಾಳಾಗುತ್ತದೆ.

ಹೆದರಿಕೆಯಿಂದಲೋ ನೋವಿನಿಂದಲೋ, ಹನ್ನೆರಡು ಗಂಟೆ ಏನೂ ತಿನ್ನದಿದ್ದರೆ ಅಥವಾ ಹಿಕ್ಕೆ ಹಾಕುವುದು ನಿಂತಿದ್ದರೆ ಬೆಳಗಾಗಲೆಂದು ಕಾಯದೆ ಪಶುವೈದ್ಯರಲ್ಲಿಗೆ ಒಯ್ಯಿರಿ. ಅದರ ಕರುಳು ಸದಾ ಹುಲ್ಲಿನಿಂದ ಚಲಿಸುತ್ತಿರಬೇಕು, ನಿಂತರೆ ಬಹಳ ಬೇಗ ಪರಿಸ್ಥಿತಿ ಕೈಮೀರುತ್ತದೆ. ಬಾಯಿ ತೆರೆದು ಉಸಿರಾಡುವುದು, ಉಸಿರಿನಲ್ಲಿ ಸದ್ದು ಬರುವುದು, ಒಂದು ಬದಿಗೆ ವಾಲುವುದು ಕಂಡರೂ ಅದೇ ತುರ್ತು.

ನಿಮ್ಮದು ಮನೆಗೆ ಬಂದು ಇನ್ನೂ ಮೂರೇ ವಾರ, ಅಂಜುವುದು ಸಹಜ. ಕೆಲವು ವಾರಗಳಲ್ಲಿ ಕೈಯಿಂದ ತಿನ್ನುತ್ತದೆ, ಪೂರ್ತಿ ಸಲಿಗೆಗೆ ತಿಂಗಳುಗಳೇ ಹಿಡಿಯಬಹುದು. ಅಲ್ಲಿಯವರೆಗೆ ವಾರಕ್ಕೊಮ್ಮೆ ಅಡುಗೆಮನೆಯ ತೂಕದ ಯಂತ್ರದ ಮೇಲೆ ಒಂದು ಪೆಟ್ಟಿಗೆಯಲ್ಲಿ ಕೂರಿಸಿ ತೂಕ ಬರೆದಿಡಿ. ಬರೆಯುವ ಕೆಲಸವೂ ಮಗಳದ್ದೇ ಆಗಲಿ. ಬೆಳೆಯುವ ವಯಸ್ಸಿನದಾದರೆ ಏರುತ್ತಿರಬೇಕು, ಬೆಳೆದದ್ದಾದರೆ ಹೆಚ್ಚುಕಡಿಮೆ ಅಷ್ಟೇ ಇರಬೇಕು. ಒಂದು ವಾರದಲ್ಲಿ 50 ಗ್ರಾಂಗಿಂತ ಹೆಚ್ಚು ಇಳಿದಿದ್ದರೆ ಗಿನಿ ಪಿಗ್ ನೋಡಿ ರೂಢಿಯಿರುವ ಪಶುವೈದ್ಯರಲ್ಲಿಗೆ ಹೋಗಿ, ತೂಕ ಬರೆದ ಆ ಹಾಳೆಯನ್ನೂ ಜೊತೆಗೆ ಒಯ್ಯಿರಿ.